ಐವರು ಹೈಮವತಿಯರು

ನನಗೆ ಹೆಸರಿಡುವ ಮುಂಚೆ ಅಪ್ಪ ಮೂರು ದಿನ ಊರೆಲ್ಲ ವಿಚಾರಿಸಿಕೊಂಡು ಬಂದರಂತೆ. ಅವರು ದರ್ಜಿ, ಮಗಳೂ ಹೊಲಿಗೆ ಹಿಡಿಯಲಿ ಎಂದು ಆಸೆ. ಅಮ್ಮನಿಗೆ ಪಾರ್ವತಿ ಎಂದು ಕರೆಯುವ ಮನಸ್ಸಿತ್ತು, ಆದರೆ ಕೆಳಗಿನ ಬೀದಿಯಲ್ಲಿ ಪಾರ್ವತಿ ಎಂಬ ದರ್ಜಿ ಆಗಲೇ ರವಿಕೆ ಹೊಲಿಯುತ್ತ ಕೂತಿದ್ದಳು. ಕೊನೆಗೆ ಹೈಮವತಿ ಎಂಬ ಹೆಸರಿನಲ್ಲಿ ದರ್ಜಿಯ ಜಾಗ ಖಾಲಿ ಇದೆ ಎಂದು ಅಪ್ಪನಿಗೆ ತಿಳಿಯಿತು. ಪಾರ್ವತಿಯೂ ಹೈಮವತಿಯೂ ಒಬ್ಬಳೇ ದೇವಿ ತಾನೇ ಎಂದು ಅಮ್ಮನನ್ನು ಒಪ್ಪಿಸಿ, ನನ್ನ ಕಿವಿಯಲ್ಲಿ ಆ ಹೆಸರನ್ನು ಮೂರು ಸಲ ಹೇಳಿದರು. ತೊಟ್ಟಿಲಿನ ತಲೆಯ ಕಡೆಗೆ ಒಂದು ಕತ್ತರಿಯನ್ನೂ ಕಟ್ಟಿದ್ದರಂತೆ.

ನಮ್ಮೂರಿನಲ್ಲಿ ಒಂದೇ ಹೆಸರಿನ ಇಬ್ಬರು ಒಂದೇ ಕೆಲಸ ಹಿಡಿದರೆ ಇಬ್ಬರದೂ ಅರ್ಧಕ್ಕೆ ನಿಲ್ಲುತ್ತದೆ. ಇಬ್ಬರು ಸೋಮನಾಥರು ಒಲೆ ಹಚ್ಚಿದ ಮದುವೆಯೊಂದರಲ್ಲಿ ಅನ್ನ ಒಂದು ಮಗ್ಗುಲು ಬೆಂದು ಇನ್ನೊಂದು ಮಗ್ಗುಲು ಅಕ್ಕಿಯಾಗಿಯೇ ಉಳಿದಿತ್ತು. ಒಬ್ಬ ಸೋಮನಾಥ ಮರುದಿನವೇ ಸೌಟು ಕೆಳಗಿಟ್ಟು ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋದ, ಈಗ ಅವನ ಇಟ್ಟಿಗೆಗೆ ಬಹಳ ಒಳ್ಳೆಯ ಹೆಸರಿದೆ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಮಗುವಿನ ವಯಸ್ಸಿಗಿಂತ ಮೊದಲು ಅದರ ಹೆಸರಿನಲ್ಲಿ ಏನೇನು ಖಾಲಿ ಇದೆ ಎಂದು ಕೇಳುತ್ತಾರೆ. ಹೆಸರು ಬದಲಿಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಹೆಸರಿನವರೆಲ್ಲ ಒಂದು ಬಳಗ. ಬಳಗದಲ್ಲಿ ಯಾರ್ಯಾರು ಎಷ್ಟು ದೊಡ್ಡವರಾಗಿದ್ದಾರೆ ಎಂಬುದರ ಮೇಲೆ ಹೆಸರಿನ ಬೆಲೆ.

ನನ್ನ ಬಳಗ ಚಿಕ್ಕದು, ಆದರೆ ಭಾರದ್ದು. ಡಾಕ್ಟರ್ ಹೈಮವತಿಯವರ ಕೈಯಿಂದ ನಮ್ಮೂರಿನ ಅರ್ಧ ಮುದುಕರು ಮತ್ತೆ ಬೆಳಕು ಕಂಡಿದ್ದಾರೆ. ಈಜು ಹೈಮವತಿ ಹದಿನಾರನೆಯ ವಯಸ್ಸಿನಲ್ಲಿ ನೆರೆ ಬಂದ ಹೊಳೆಯನ್ನು ದಾಟಿ ಆಚೆ ದಡದ ಬಾಣಂತಿಗೆ ಔಷಧಿ ಮುಟ್ಟಿಸಿದವಳು, ಅವಳು ಹತ್ತಿ ನಿಂತ ಆಚೆ ದಡದ ಕಲ್ಲಿಗೆ ಈಗಲೂ ಅವಳ ಹೆಸರು. ಪಂಚಾಂಗದ ಹೈಮವತಿಯವರು ಬರೆದುಕೊಟ್ಟ ಗ್ರಹಣದ ಹೊತ್ತು ಒಂದು ನಿಮಿಷವೂ ತಪ್ಪಿದ್ದಿಲ್ಲ. ಎಲ್ಲರಿಗಿಂತ ಹಿರಿಯರು ತಂಬೂರಿ ಹೈಮವತಿ, ನಮಗೆಲ್ಲ ತಂಬೂರಿ ಅಜ್ಜಿ. ದೂರದೂರುಗಳ ಗಾಯಕರು ತಂಬೂರಿ ಸರಿಮಾಡಿಸಲು ಗಾಡಿ ಕಟ್ಟಿಕೊಂಡು ಅವರ ಅಂಗಡಿಗೆ ಬರುತ್ತಿದ್ದರು. ಐದನೆಯವಳು ನಾನು, ಬಿ.ಎಸ್ಸಿ. ಮುಗಿಸಿ ಅಪ್ಪನ ಅಂಗಡಿಯಲ್ಲಿ ಗುಂಡಿ ಹಚ್ಚುತ್ತ ಕೂತವಳು. ಹೊಲಿಗೆ ನನ್ನ ಕೈಗೆ ಹತ್ತಲಿಲ್ಲ. ಜಾಗ ಪೂರ್ತಿ ಖಾಲಿಯಿತ್ತು, ಆದರೂ ನಾನು ಹೊಲಿದ ಅಂಗಿಯ ಎರಡು ತೋಳು ಒಂದೇ ಉದ್ದ ಬರುತ್ತಿರಲಿಲ್ಲ. ಅಪ್ಪ ಬೈಯುತ್ತಿರಲಿಲ್ಲ. ಬಿಚ್ಚಿ ತಾವೇ ಹೊಲಿಯುತ್ತಿದ್ದರು, ಅದು ಬೈಗುಳಕ್ಕಿಂತ ಕಷ್ಟ.

ಅಜ್ಜಿಯ ಅಂಗಡಿ ನಮ್ಮ ಅಂಗಡಿಯ ಎದುರಿಗೇ ಇತ್ತು. ತಂಬೂರಿಯ ಕುದುರೆಯ ಮೇಲೆ, ಎಂದರೆ ತಂತಿಗಳನ್ನು ಹೊತ್ತು ನಿಲ್ಲುವ ಮರದ ಪಟ್ಟಿಯ ಮೇಲೆ, ಪ್ರತಿ ತಂತಿಯ ಅಡಿಗೆ ಒಂದೊಂದು ಎಳೆ ನೂಲು ತೂರಿಸುತ್ತಾರೆ. ಅದನ್ನು ಜೀವದ ನೂಲು ಎನ್ನುತ್ತೇವೆ. ಅದು ಕೂರುವ ಜಾಗ ಕೂದಲೆಳೆಯಷ್ಟು ಆಚೀಚೆಯಾದರೂ ತಂತಿ ಬರೀ ಟಣ್ ಎನ್ನುತ್ತದೆ. ಸರಿಯಾಗಿ ಕೂತರೆ ಜೇನುಗೂಡಿನೊಳಗೆ ಕಿವಿಯಿಟ್ಟ ಹಾಗೆ ಗುಂಯ್ ಎಂದು ಹಬ್ಬುತ್ತದೆ. ಆ ನೂಲು ಹೋಗುತ್ತಿದ್ದುದು ನಮ್ಮ ಅಂಗಡಿಯಿಂದ, ಒಯ್ಯುತ್ತಿದ್ದವಳು ನಾನು. ಆರನೆಯ ವಯಸ್ಸಿನಿಂದ ಉಂಡೆ ಕೊಟ್ಟು ಬರುವ ನೆಪದಲ್ಲಿ ಹೋಗಿ ಅಲ್ಲೇ ಮೂಲೆಯಲ್ಲಿ ಕೂರುತ್ತಿದ್ದೆ. ಅಜ್ಜಿ ಯಾವ ಹೆಸರಿನ ಮಕ್ಕಳು ಬಂದರೂ ತಂತಿ ಮೀಟಲು ಬಿಡುತ್ತಿದ್ದರು. ನನ್ನ ಕೈ ಮುಂದೆ ಹೋದರೆ ಮಾತ್ರ ಮೆಲ್ಲಗೆ ಹಿಂದಕ್ಕೆ ಸರಿಸಿ, ನೀನು ನೋಡಬಹುದು, ಕೇಳಬಹುದು, ಮುಟ್ಟಬಾರದು ಎನ್ನುತ್ತಿದ್ದರು. ಅದರಲ್ಲಿ ಕೋಪವಿರಲಿಲ್ಲ. ಒಲೆಯ ಹತ್ತಿರ ಹೋಗುವ ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದರು. ಹಾಗಾಗಿ ಹದಿನಾರು ವರ್ಷ ನಾನು ನೋಡಿದೆ, ಕೇಳಿದೆ. ರಾತ್ರಿ ಮಲಗುವ ಮುಂಚೆ ದಿನಚರಿಯಲ್ಲಿ, ಇವತ್ತು ಅಜ್ಜಿ ಮಂದ್ರದ ನೂಲನ್ನು ಉಗುರಿನಿಂದಲ್ಲ, ಬೆರಳ ತುದಿಯಿಂದ ತಳ್ಳಿದರು ಎಂಬಂಥ ಸಾಲುಗಳನ್ನು ಬರೆದಿಡುತ್ತಿದ್ದೆ. ಯಾರಿಗೆ ಬೇಕಾದ ಸಾಲುಗಳೋ ಗೊತ್ತಿರಲಿಲ್ಲ.

ಕಳೆದ ಶ್ರಾವಣದಲ್ಲಿ, ನಮ್ಮ ಹಿಂದಿನ ಮನೆಯ ವೈಜಯಂತಿ ಟೀಚರು ಸಂಗೀತದ ಪಾಠ ನಡೆಸುತ್ತಿದ್ದಾಗ ಅವರ ತಂಬೂರಿಯ ನೂಲು ಜಾರಿತು. ಅಜ್ಜಿಯ ಅಂಗಡಿ ಬಾಗಿಲು ಹಾಕಿತ್ತು. ಟೀಚರು ಮಕ್ಕಳಿಗೆ ತಾಳ ಹಾಕಲು ಹೇಳಿ ಒಳಗೆ ಹಾಲು ನೋಡಲು ಹೋದರು. ನಾನು ಅಲ್ಲಿಗೆ ಹೋಗಿದ್ದು ಅವರ ರವಿಕೆ ಕೊಡಲು. ರವಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಂಬೂರಿಯ ಮುಂದೆ ಕೂತೆ. ಕೈ ತಾನಾಗಿ ಹೋಯಿತು ಎಂದರೆ ಸುಳ್ಳಾಗುತ್ತದೆ, ನಾನೇ ಕಳಿಸಿದೆ. ನೂಲು ತೂರಿಸಿ, ತುಸು ಹಿಂದೆ, ಮತ್ತೆ ಕೂದಲೆಳೆ ಮುಂದೆ ತಂದೆ. ತಂತಿ ತುಂಬಿಕೊಂಡಿತು. ಹಾಲಿನ ಪಾತ್ರೆ ಹಿಡಿದೇ ಹೊರಗೆ ಬಂದ ಟೀಚರು ಪಾತ್ರೆಯನ್ನು ನೆಲದ ಮೇಲಿಟ್ಟರು. ಆಮೇಲೆ ಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿದರು.

ಯಾರಿಗೂ ಹೇಳುವುದಿಲ್ಲ ಎಂದರು, ಹೇಳಲಿಲ್ಲ ಕೂಡ. ಆದರೆ ಶಿಷ್ಯರ ತಂಬೂರಿಗಳನ್ನು ಒಂದೊಂದಾಗಿ ತರಿಸಿಟ್ಟುಕೊಂಡು ನನ್ನನ್ನು ಕರೆಯತೊಡಗಿದರು. ಕಾರ್ತಿಕದ ಹೊತ್ತಿಗೆ ಏಳು ತಂಬೂರಿಗಳಾದವು. ಆ ದಿನಗಳಲ್ಲಿ ನನ್ನ ನಡಿಗೆ ಬದಲಾಗಿತ್ತು ಎಂದು ಅಮ್ಮ ಈಗ ಹೇಳುತ್ತಾಳೆ. ನನಗೆ ಗೊತ್ತಿದ್ದದ್ದು ಇಷ್ಟೇ: ನಾನು ಒಂದು ಕೆಲಸ ಮಾಡಬಲ್ಲೆ, ಮತ್ತು ಅದನ್ನು ಮಾಡಬಾರದು.

ಅಷ್ಟರಲ್ಲಿ ಊರಲ್ಲಿ ಮಾತು ಹುಟ್ಟಿತ್ತು. ಅಜ್ಜಿ ಕಟ್ಟಿಕೊಟ್ಟ ತಂಬೂರಿಗಳು ಮಂಕಾಗಿವೆ, ನೂಲು ಸತ್ತಿದೆ, ಸಂಗೀತ ಸಭೆಯವರು ಎರಡನ್ನು ಹಿಂದಕ್ಕೆ ಕಳಿಸಿದ್ದಾರೆ ಎಂದು. ನಮ್ಮಲ್ಲಿ ಮೊಸರು ಹೆಪ್ಪಾಗದಿದ್ದರೂ ಜನ ಹಾಲನ್ನು ನೋಡುವುದಿಲ್ಲ, ಅದೇ ಹೆಸರಿನ ಇನ್ಯಾರು ಎಲ್ಲಿ ಹೆಪ್ಪು ಹಾಕಿದ್ದಾರೆ ಎಂದು ಹುಡುಕುತ್ತಾರೆ. ಹಾಗೆ ಇಲ್ಲಿಯೂ, ಯಾವಳೋ ಒಬ್ಬ ಹೈಮವತಿ ಕದ್ದು ತಂಬೂರಿ ಮುಟ್ಟುತ್ತಿದ್ದಾಳೆ ಎಂದಾಯಿತು. ಹೊರಗಿನಿಂದ ಹೊಸ ಹೈಮವತಿ ಯಾರಾದರೂ ಬಂದಿದ್ದಾರೆಯೇ ಎಂದು ಛತ್ರದಲ್ಲಿ ವಿಚಾರಿಸಿದರು. ಗದ್ದೆ ಸಾಲಿನ ಮನೆಯಲ್ಲಿ ಹುಟ್ಟಿದ ಎಂಟು ತಿಂಗಳ ಹೈಮವತಿಯ ಕೈಗೆ ಯಾರೋ ಆಟಕ್ಕೆಂದು ಏಕತಾರಿ ಕೊಟ್ಟಿದ್ದರಂತೆ, ಅದನ್ನೂ ಕಸಿದುಕೊಂಡು ಬಂದರು. ನನ್ನನ್ನು ಯಾರೂ ಕೇಳಲಿಲ್ಲ. ನನ್ನಿಂದ ಏನಾದರೂ ಆಗಬಹುದು ಎಂದು ಯಾರಿಗೂ ಹೊಳೆಯುವಂತೆ ನಾನು ಬದುಕಿರಲಿಲ್ಲ.

ವರ್ಷಕ್ಕೊಮ್ಮೆ ಬಳಗದ ಊಟ. ಪಂಚಾಂಗದ ಹೈಮವತಿಯವರು ದಿನ ಗೊತ್ತು ಮಾಡುತ್ತಾರೆ, ಊಟ ಡಾಕ್ಟರ ಮನೆಯಲ್ಲಿ. ಎಲೆ ಹಾಕಿದ ಮೇಲೆ ಕಿರಿಯರಿಂದ ಹಿರಿಯರವರೆಗೆ ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, ಕೆಲಸ ಹೇಳಿ ಕೂರಬೇಕು. ಎಲೆಯ ಮುಂದೆ ಹೇಳಿದ್ದಕ್ಕೆ ಮುಂದಿನ ಊಟದವರೆಗೆ ತಪ್ಪಿ ನಡೆಯುವಂತಿಲ್ಲ. ಈ ಸಲ ಡಾಕ್ಟರು ಎಲ್ಲರಿಗೂ ಹೇಳಿಕಳಿಸಿದ್ದರು: ಅಜ್ಜಿಯ ಐವತ್ತು ವರ್ಷದ ಕೆಲಸ ಹಾಳಾಗುತ್ತಿದೆ, ಯಾರೇ ಆಗಿರಲಿ ಎಲೆಯ ಮುಂದೆ ಒಪ್ಪಿಕೊಂಡು ಕೈಬಿಡಲಿ. ಆ ಚೀಟಿಯನ್ನು ಓದಿ ನಾನು ಎರಡು ದಿನ ಊಟ ಬಿಟ್ಟೆ. ನಾನು ನಿಲ್ಲಿಸಿದರೆ ಅಜ್ಜಿಯ ಕೆಲಸ ಮರಳಿ ಬರುತ್ತದೆ, ಅಷ್ಟು ಸರಳ. ನಿಲ್ಲಿಸಿದ ಮೇಲೆ ನಾನು ಯಾರಾಗಿರುತ್ತೇನೆ ಎಂದು ಯೋಚಿಸಿದಾಗ ಮಾತ್ರ ತಲೆ ಮುಂದಕ್ಕೆ ಹೋಗುತ್ತಿರಲಿಲ್ಲ. ಎಲ್ಲರೆದುರು ಹೇಳುವುದಕ್ಕಿಂತ ಅಜ್ಜಿಯೊಬ್ಬರಿಗೇ ಹೇಳಿಬಿಡುವುದು ಮೇಲು ಎಂದು ಊಟದ ಹಿಂದಿನ ದಿನ ಮಧ್ಯಾಹ್ನ ಬೀದಿ ದಾಟಿದೆ.

ಅಜ್ಜಿ ತಂಬೂರಿಗೆ ಕೂರಿಸುವ ಸೋರೆ ಬುರುಡೆಯೊಂದನ್ನು ಒರೆಸುತ್ತ ಕೂತಿದ್ದರು. ಎದುರಿಗೆ ಕೂತೆ. ಏನು ಹೇಳಬೇಕೆಂದು ಬರೆದುಕೊಂಡು ಹೋಗಿದ್ದೆ, ಅದರಲ್ಲಿ ಒಂದು ಸಾಲೂ ಬಾಯಿಗೆ ಬರಲಿಲ್ಲ.

"ಅಜ್ಜೀ, ಅದು ನಾನೇ."

ಅವರು ಯಾವುದು ಎಂದು ಕೇಳಲಿಲ್ಲ. ಬುರುಡೆ ಒರೆಸುವುದನ್ನು ನಿಲ್ಲಿಸಿ, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಪಕ್ಕದಲ್ಲಿಟ್ಟರು.

"ಯಾವಾಗಿಂದ?"

ಶ್ರಾವಣದಿಂದ, ವೈಜಯಂತಿ ಟೀಚರ ಮನೆಯಲ್ಲಿ, ಒಟ್ಟು ಏಳು ಎಂದೆ. ತಾರೀಕುಗಳನ್ನೂ ಹೇಳಿದೆ. ಇನ್ನು ಮುಟ್ಟುವುದಿಲ್ಲ, ನಾಳೆ ನಾನು ಹೊಲಿಗೆ ಎಂದು ಹೇಳಿ ಕೂತುಬಿಡುತ್ತೇನೆ, ನಿಮ್ಮ ಕೆಲಸ ನಿಮಗೆ ಬರುತ್ತದೆ ಎಂದೆ. ಅವರು ನನ್ನ ತುಟಿಗಳನ್ನೇ ನೋಡುತ್ತ ಕೇಳಿಸಿಕೊಂಡರು.

"ನೀನು ಕಟ್ಟಿದ್ದು ಹೆಂಗೆ ಕೇಳ್ತು?"

"ಅಂದ್ರೆ?"

"ಅರ್ಧ ಕೇಳ್ತಾ, ತುಂಬಿ ಕೇಳ್ತಾ?"

ನಾನು ತಲೆ ತಗ್ಗಿಸಿದೆ. "ತುಂಬಿ ಕೇಳ್ತು ಅಜ್ಜಿ."

"ಏಳೂ?"

"ಏಳೂ."

ಅಜ್ಜಿ ನಕ್ಕರು, ಸದ್ದಿಲ್ಲದ ನಗು. "ಬಿ.ಎಸ್ಸಿ. ಓದಿದೀಯ. ಲೆಕ್ಕ ಹಾಕು. ಇಬ್ಬರು ಮಾಡ್ತಿದ್ರೆ ಇಬ್ಬರದೂ ಅರ್ಧ ಆಗ್ಬೇಕಿತ್ತಲ್ಲ. ನಿಂದು ತುಂಬಿ ಬಂತು ಅಂದ್ರೆ ಇನ್ನೊಬ್ಬಳು ಮಾಡ್ತಾನೇ ಇಲ್ಲ ಅಂತ ಆಯ್ತು."

ನನಗೆ ಕೂಡಲೇ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಯುಗಾದಿಯ ಸುಮಾರಿಗೆ ಒಂದು ಬೆಳಿಗ್ಗೆ ಮಂದ್ರ ಮೀಟಿದರೆ ಗುಂಗು ಇರಲಿಲ್ಲವಂತೆ. ನೂಲು ಬದಲಾಯಿಸಿದರಂತೆ, ತಂತಿ ಬದಲಾಯಿಸಿದರಂತೆ, ಕುದುರೆಯನ್ನೇ ಬೇರೆ ಕೂರಿಸಿದರಂತೆ. ಸಂಜೆ ಹೊತ್ತಿಗೆ, ಕೆಟ್ಟಿದ್ದು ತಂಬೂರಿಯಲ್ಲ ಎಂದು ತಿಳಿಯಿತಂತೆ. ಹತ್ತಿರ ಕೂತು ಆಡಿದ ಮಾತು ಕೇಳುತ್ತದೆ, ಬಾಗಿಲು ಬಡಿದರೆ ಕೇಳುತ್ತದೆ, ಆ ಗುಂಗು ಮಾತ್ರ ಕೇಳುವುದಿಲ್ಲ. ಅಲ್ಲಿಂದಾಚೆಗೆ ಬೆರಳಿನ ರೂಢಿಯಿಂದ ನೂಲು ತೂರಿಸಿ ಕೊಡುತ್ತಿದ್ದರು. ಆ ತಂಬೂರಿಗಳು ಹಿಂದಕ್ಕೆ ಬಂದಾಗ ಊರೇ ಕಳ್ಳಿಯನ್ನು ಹುಡುಕಲು ಹೊರಟಿತು, ಅಜ್ಜಿ ಬಾಯಿ ಮುಚ್ಚಿಕೊಂಡು ಕೂತರು.

"ಊರೋರು ಹುಡುಕ್ಲಿ ಅಂತ ಸುಮ್ನಿದ್ದೆ. ಕಳ್ಳಿ ಇದ್ದಾಳೆ ಅಂದ್ರೆ ನಾನಿನ್ನೂ ಇದೀನಿ ಅಂತ ತಾನೇ," ಎಂದರು.

ಆಮೇಲೆ ಗೋಡೆಗೆ ಒರಗಿಸಿದ್ದ ದೊಡ್ಡ ತಂಬೂರಿಯನ್ನು ಎಳೆದು ನನ್ನ ಮುಂದೆ ಮಲಗಿಸಿ, ನೂಲಿನ ಉಂಡೆ ಇಟ್ಟರು. ಕಟ್ಟು ಎಂದರು. ಆ ಅಂಗಡಿಯಲ್ಲಿ ಹದಿನಾರು ವರ್ಷದಲ್ಲಿ ಮೊದಲ ಸಲ ನಾನು ಒಂದು ತಂತಿ ಮುಟ್ಟಿದೆ. ಬಿರಡೆ ತಿರುಗಿಸಿ ಶ್ರುತಿ ಮಾಡಿಕೊಂಡೆ. ಪಂಚಮದ ನೂಲು ಕೂತಿತು, ನಡುವಿನ ಎರಡು ಕೂತವು. ಮಂದ್ರಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅದೂ ಕೂತಾಗ ಇಡೀ ಅಂಗಡಿ, ನೇತು ಹಾಕಿದ ಬುರುಡೆಗಳು ಸಮೇತ, ಸಣ್ಣಗೆ ಮೊರೆಯತೊಡಗಿತು. ಅಜ್ಜಿ ಬಾಗಿ ತಮ್ಮ ದವಡೆಯನ್ನು ತಂಬೂರಿಯ ಹಲಗೆಗೆ ಒತ್ತಿ ಕಣ್ಣು ಮುಚ್ಚಿದರು. ಆ ಗುಂಗಿಗೆ ಅವರಿಗೆ ಈಗ ಉಳಿದಿದ್ದ ಕಿವಿ ಅದೊಂದೇ, ಆದರೆ ಹಾಗೆ ಬಾಗಿದರೆ ನೂಲಿಗೆ ಅವರ ಕೈ ಎಟಕುವುದಿಲ್ಲ.

ಅವರ ಮುಖ ನೋಡಿದೆ. ನನ್ನ ತಂತಿ ತುಂಬಿದಷ್ಟೂ ಅವರದು ಖಾಲಿ ಎಂದು ಸಾಬೀತಾಗುತ್ತಿತ್ತು. ಅದನ್ನು ಅವರು ಮೂಳೆಯಿಂದ ಕೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಮೀಟುತ್ತಲೇ ಎಡಗೈ ಬೆರಳಿನಿಂದ ಮಂದ್ರದ ನೂಲನ್ನು ಕಾಣದಷ್ಟು ಸರಿಸಿದೆ. ಅರ್ಧಕ್ಕೆ ಬಂತು. ನನ್ನದೂ ಅರ್ಧವಾದರೆ ಅವರು ಇನ್ನೂ ಇದ್ದಾರೆ ಎಂದಾಗುತ್ತದೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಅಜ್ಜಿ ಕಣ್ಣು ತೆರೆಯದೆ ಕೇಳಿದರು, "ಯಾಕೆ ಕೆಡಿಸಿದೆ?"

"ಇಲ್ಲಜ್ಜಿ. ಜಾರ್ತು."

"ಜಾರಿದ್ರೆ ಟಣ್ ಅಂತಿತ್ತು. ಇದು ಟಣ್ ಅಂತಿಲ್ಲ. ಮೂರನ್ನ ಮುಟ್ಟದೆ, ಮಂದ್ರ ಒಂದನ್ನೇ ಸರಿಯಾಗಿ ಅರ್ಧಕ್ಕೆ ತಂದು ನಿಲ್ಸಿದೀಯ." ದವಡೆ ಎತ್ತಿ ನನ್ನನ್ನು ನೋಡಿದರು. "ತುಂಬಿಸೋದು ಯಾರಾದ್ರೂ ಕಲೀತಾರೆ ಕಣೇ. ಇಷ್ಟು ಅಳತೆಗೆ ಕೆಡಿಸೋದು ನಂಗೆ ಬರೋಕೆ ಇಪ್ಪತ್ತು ವರ್ಷ ಹಿಡೀತು."

ನಾನು ಅತ್ತೆ. ಅವರು ಅಳಲಿಲ್ಲ, ಅಳಬೇಡ ಎಂದೂ ಹೇಳಲಿಲ್ಲ. ಆಮೇಲೆ ನನಗೊಂದು ಉಪಾಯ ಹೊಳೆಯಿತು, ಹೇಳಿದೆ: ಅಂಗಡಿಯ ಹೊರಗಿನ ಹೆಸರಿನ ಹಲಗೆಯ ಮೇಲೆ ಇರುವುದು ಹೈಮವತಿ ಎಂದಷ್ಟೇ. ನಾನು ಹಿಂದಿನ ಕೋಣೆಯಲ್ಲಿ ಕೂತು ಕಟ್ಟುತ್ತೇನೆ, ನೀವು ಮುಂದೆ ಕೂತಿರಿ. ಯಾರಿಗೂ ತಿಳಿಯುವುದು ಬೇಡ. ನನಗೂ ಅದೇ ಚೆನ್ನ.

"ನಿಂಗೆ ಚೆನ್ನ," ಎಂದರು ಅಜ್ಜಿ. "ಬಂದೋರು ನನ್ನ ಮುಂದೆ ಮೀಟಿ, ಹೆಂಗಿದೆ ಅಮ್ಮಾ ಅಂತ ಕೇಳ್ತಾರೆ. ದಿನಾ ನಾನು ಪರದೆ ಸಂದಿಯಿಂದ ನಿನ್ನ ಮುಖ ನೋಡ್ಕೊಂಡು ಹೂಂ ಅನ್ಲಾ?"

ನಾನು ಮಿಕ್ಕ ನೂಲನ್ನು ಉಂಡೆಗೆ ಸುತ್ತತೊಡಗಿದೆ.

"ನಾಳೆ ಎಲೆ ಮುಂದೆ ನೀನೇ ಹೇಳ್ಬೇಕು. ನಿನ್ನ ಪರವಾಗಿ ನಾನು ಹೇಳೋಳಲ್ಲ."

"ಜನರ ಮುಂದೆ ನಂಗೆ ಬಾಯಿ ಬರಲ್ಲ ಅಜ್ಜಿ. ನಿಮಗೇ ಗೊತ್ತು."

"ಬರ್ದಿದ್ರೆ ಬೇಡ. ಹೊಲಿಗೆ ಅನ್ನು, ಕೂತ್ಕೋ. ಈ ಬಾಗಿಲು ಹಾಕಿ ಬೀಗದ ಕೈ ಸಂಗೀತ ಸಭೆಯೋರಿಗೆ ಕೊಡ್ತೀನಿ. ಯಾವ ಹೆಸರಿನೋರಾದ್ರೂ ಬಂದು ಕೂರ್ಲಿ."

ಮರುದಿನ ಡಾಕ್ಟರ ಮನೆಯ ಪಡಸಾಲೆಯಲ್ಲಿ ಐದು ಎಲೆ ಹಾಕಿದ್ದರು. ಪ್ರತಿ ವರ್ಷ ಈಜು ಹೈಮವತಿಯ ಹಾಸ್ಯದಿಂದ ಶುರುವಾಗುವ ಊಟ ಅಂದು ಪರೀಕ್ಷೆಯ ಕೋಣೆಯ ಹಾಗಿತ್ತು. ಪಂಚಾಂಗದವರು ಒಳ್ಳೆಯ ಮುಹೂರ್ತ, ಬೇಗ ಮುಗಿಸಿ ಎಂದರು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, ಈ ಬಳಗದ ಮರ್ಯಾದೆ ಹೊರಗೆ ಹೋಗಬಾರದು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದರು. ಅಜ್ಜಿ ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಒತ್ತಿ ಸರಿಮಾಡುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ಎಲೆಗೆ ಕೂರುವ ವಯಸ್ಸಿನವರಲ್ಲಿ ಕಿರಿಯಳು ನಾನೇ, ಆದ್ದರಿಂದ ಮೊದಲು ನಾನು ಏಳಬೇಕು. ಎದ್ದೆ. ಹೈಮವತಿ ಎಂದೆ. ಹಿಂದಿನ ವರ್ಷಗಳಲ್ಲಿ ಇಲ್ಲಿಗೆ ಬಂದಾಗ, ಹೊಲಿಗೆ, ಕಲೀತಿದೀನಿ ಎಂದು ಗೊಣಗಿ ಕೂತುಬಿಡುತ್ತಿದ್ದೆ. ಆ ಎರಡು ಮಾತು ನಾಲಗೆಯ ಮೇಲೆ ಸಿದ್ಧವಾಗಿ ಕೂತಿದ್ದವು. ಹೇಳಿದ್ದರೆ ಸಾರು ಬಡಿಸುತ್ತಿದ್ದರು, ಸಂಜೆ ನಾನು ಗುಂಡಿ ಹಚ್ಚುತ್ತಿದ್ದೆ, ಯಾರಿಗೂ ನನ್ನ ಮೇಲೆ ಸಿಟ್ಟಿರುತ್ತಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು.

"ತಂಬೂರಿ," ಎಂದೆ. ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು.

ಈಜು ಹೈಮವತಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಡಾಕ್ಟರು ನಂಬಲಾರದೆ, ನೀನಾ, ಇಷ್ಟು ದಿನ ಅಜ್ಜಿಯ ಅನ್ನಕ್ಕೆ ಮಣ್ಣು ಹಾಕಿದ್ದು ನೀನಾ ಎಂದು ಮೆಲ್ಲಗೆ ಕೇಳಿದರು. ಅವರು ಗದರಿದ್ದರೆ ವಾಸಿಯಾಗುತ್ತಿತ್ತು. ನಾನು ಕೂರಲಿಲ್ಲ. ಕೊನೆಗೆ ಪಂಚಾಂಗದವರು, ಕ್ರಮ ತಪ್ಪಬಾರದು, ಮುಂದಿನವರು ಏಳಿ ಎಂದಾಗ ಕೂತೆ. ಒಬ್ಬೊಬ್ಬರಾಗಿ ಎದ್ದು ಹೇಳಿದರು. ಈಜು ಎಂದಳು ಒಬ್ಬಳು, ಕಣ್ಣು ಎಂದರು ಒಬ್ಬರು, ಪಂಚಾಂಗ ಎಂದರು ಇನ್ನೊಬ್ಬರು, ಯಾರ ದನಿಯಲ್ಲೂ ಎಂದಿನ ಬಿಗುಮಾನವಿರಲಿಲ್ಲ.

ಅಜ್ಜಿ ಕೊನೆಯಲ್ಲಿ, ನೆಲಕ್ಕೆ ಕೈಯೂರಿ ಎದ್ದರು. "ಹೈಮವತಿ," ಎಂದರು. ಅಷ್ಟಕ್ಕೇ ನಿಲ್ಲಿಸಿದರು. ಮುಂದಿನ ಮಾತಿಗಾಗಿ ಎಲ್ಲರೂ ತಲೆಯೆತ್ತಿದರು. ಅಜ್ಜಿಯ ತುಟಿ ಆ ಮಾತಿಗೆ ಸಿದ್ಧವಾಗಿ, ತೆರೆದು, ಮತ್ತೆ ಕೂಡಿಕೊಂಡದ್ದನ್ನು ನಾನು ಕಂಡೆ. ಐವತ್ತು ಊಟಗಳಲ್ಲಿ ಹೇಳಿದ ಮಾತು ಅದು.

"ಅಷ್ಟೇ," ಎಂದರು. "ಹುಡುಗಿ ಏನೂ ಕದ್ದಿಲ್ಲ. ನನ್ನ ಕಿವಿ ಹೋಗಿ ವರ್ಷವಾಗ್ತಾ ಬಂತು, ನಾನೇ ಮುಚ್ಚಿಟ್ಟಿದ್ದೆ. ಖಾಲಿ ಜಾಗಕ್ಕೆ ಬಂದು ಕೂತಿದ್ದಾಳೆ. ಸಾರು ಆರ್ತಿದೆ, ಬಡಿಸಿ."

ಡಾಕ್ಟರು ಎದ್ದು ಹೋಗಿ ತಾವೇ ಸಾರಿನ ಪಾತ್ರೆ ತಂದರು. ನನ್ನ ಎಲೆಗೆ ಬಡಿಸುವಾಗ ಒಂದು ಸೌಟು ಹೆಚ್ಚು ಹಾಕಿದರು, ಅವರಿಗೆ ಕ್ಷಮೆ ಕೇಳುವುದು ಹಾಗೆಯೇ ಬರುತ್ತಿತ್ತೇನೋ. ಊಟದ ನಡುವೆ, ಎಲ್ಲರೂ ಹೇಳಬೇಕೆಂದುಕೊಂಡು ಹೇಳದಿದ್ದುದನ್ನು ಪಂಚಾಂಗದವರು ಎತ್ತಿದರು: ಕೆಲಸವಿಲ್ಲದೆ ಬಳಗದಲ್ಲಿ ಇರುವುದು ಹೇಗೆ, ಅಜ್ಜಿ ಏನಾದರೂ ಹಿಡಿಯಬೇಕು, ಹೈಮವತಿಯ ಹೆಸರಿನಲ್ಲಿ ಬೇಕಾದಷ್ಟು ಖಾಲಿ ಇದೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಏನು ಹಿಡಿಯುವುದು ಎಂದು ಯಾರಿಗೂ ಹೊಳೆಯಲಿಲ್ಲ. ಆಗ ಈಜು ಹೈಮವತಿ ತಲೆಯೆತ್ತದೆ ಹೇಳಿದಳು:

"ಈಜು ಒಂದು ಬೇಡ ಅಜ್ಜಿ. ನಾನು ನಡು ಹೊಳೇಲಿ ನಿಂತುಬಿಡ್ತೀನಿ."

ಮೊದಲು ನಕ್ಕವರು ಅಜ್ಜಿಯೇ. ಆಮೇಲೆ ಉಳಿದವರಿಗೂ ನಗಲು ಧೈರ್ಯ ಬಂತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿ, ಹಾಗಾದರೆ ದರ್ಜಿಯ ಜಾಗ ಮತ್ತೆ ಖಾಲಿಯಾಯಿತು ಎಂದರು. ಆಮೇಲೆ, ಗದ್ದೆ ಸಾಲಿನ ಮನೆಯವರಿಗೆ ತಿಳಿಸಬೇಕು, ಅವರ ಮಗುವಿಗೆ ಬೇಕಾಗಬಹುದು ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬೀದಿಯ ಕೊನೆಯವರೆಗೂ ಅವರ ಬೆನ್ನು ನೋಡಿದೆ. ನಡಿಗೆ ನಿಧಾನವಾಗಿತ್ತು, ಸಿಟ್ಟಿರಲಿಲ್ಲ.

ಅಂಗಡಿಯ ಬೀಗದ ಕೈ ಅಜ್ಜಿ ಅಂದೇ ಕಳಿಸಿಕೊಟ್ಟರು, ತಾವು ಬರಲಿಲ್ಲ. ಮೊದಲ ವಾರ ಜನ ಬಂದು, ಅಜ್ಜಿ ಇಲ್ಲವೇ ಎಂದು ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಅನುಮಾನದಿಂದಲೇ ತಂಬೂರಿ ಇಟ್ಟು ಹೋದರು. ತಿರುಗಿ ಬಂದಾಗ ಮೀಟಿ ನೋಡಿ, ದುಡ್ಡು ಇಟ್ಟು ಎತ್ತಿಕೊಂಡು ಹೋದರು. ಸಂಗೀತ ಸಭೆಯವರು, ಅಂದು ಹಿಂದಕ್ಕೆ ಕಳಿಸಿದ್ದ ಎರಡನ್ನೂ ಮತ್ತೆ ತರಿಸಿಕೊಂಡರು. ಮಾತಾಡಬೇಕಾದಾಗ ನನಗೆ ಈಗಲೂ ಬೆವರುತ್ತದೆ. ನಡುವೆ ಒಂದು ತಂತಿ ಮೀಟಿಬಿಟ್ಟರೆ ಬಂದವರು ತಾವಾಗಿ ಸುಮ್ಮನಾಗುತ್ತಾರೆ ಎಂದು ಕಂಡುಕೊಂಡಿದ್ದೇನೆ.

ಎಂಟನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಎದುರು ಸಾಲಿನಲ್ಲಿ ಅಜ್ಜಿ ಬರುತ್ತಿರುವುದು ಕಾಣಿಸಿತು. ಕಂಕುಳಲ್ಲಿ ಒಂದು ಬುಟ್ಟಿ, ಅದರಲ್ಲಿ ಬೇರಿನ ಮಣ್ಣಿಗೆ ಬಟ್ಟೆ ಸುತ್ತಿದ ಗುಲಾಬಿ ಗಿಡಗಳು. ಸಸಿ ತೋಟದಲ್ಲಿ ಕಸಿ ಕಟ್ಟುವುದನ್ನು ಕಲಿಯಲು ಹೋಗುತ್ತಿದ್ದಾರೆ, ಮೂರು ಕಟ್ಟಿದ್ದರಲ್ಲಿ ಮೂರೂ ಒಣಗಿದವು ಎಂದು ವೈಜಯಂತಿ ಟೀಚರು ಹೇಳಿದ್ದರು. ಅಜ್ಜಿಯ ಉಗುರಿನ ಸಂದಿಯಲ್ಲಿ ಕೆಸರಿತ್ತು. ಈ ಅಂಗಡಿಯ ಎದುರಿಗೆ ಬಂದಾಗ ಹೆಜ್ಜೆ ತುಸು ನಿಧಾನವಾಯಿತು, ಮುಖ ಮಾತ್ರ ಈ ಕಡೆ ತಿರುಗಲಿಲ್ಲ. ನಾನು ಆಗತಾನೇ ಶ್ರುತಿಗೆ ತಂದಿದ್ದ ತಂಬೂರಿ ತೊಡೆಯ ಮೇಲೆ ಮೊರೆಯುತ್ತಿತ್ತು. ಅದು ಅವರಿಗೆ ಕೇಳಿಸುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವರು ತಿರುವು ದಾಟುವವರೆಗೆ ನಾಲ್ಕೂ ತಂತಿಗಳ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದೆ.